ಹಳಿಗಿಂತ ಮೊದಲು ಮಣ್ಣು

ಕೇಳುಗರಿಗೆ ನಮಸ್ಕಾರ.

ಹಿತ್ತಲಲ್ಲಿ ಪುಟ್ಟ ರೈಲು ಓಡಿಸುವ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಎಂಜಿನ್. ಆಸೆ ಸಹಜವೇ. ಆದರೆ ಎಂಜಿನ್ ಪೆಟ್ಟಿಗೆಯಲ್ಲಿ ಕೂತು ಒಂದು ಮಳೆಗಾಲ ಕಾದರೆ ನಷ್ಟವೇನಿಲ್ಲ. ಅಷ್ಟರಲ್ಲಿ ತೋಟದ ನೀರು ಎತ್ತ ಹರಿಯುತ್ತದೆ, ಎಲ್ಲಿ ಮಡುಗಟ್ಟಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ. ಮನೆಯೊಳಗೆ ಮೇಜಿನ ಮೇಲೆ ಹಾಸಿದ ಹಳಿ ಇಟ್ಟಲ್ಲೇ ಇರುತ್ತದೆ. ಹೊರಗೆ ನೆಲ ಕುಸಿಯುತ್ತದೆ, ಉಬ್ಬುತ್ತದೆ, ಇರುವೆ ಬಂದು ಗೂಡು ಕಟ್ಟುತ್ತದೆ. ಹಿತ್ತಲ ರೈಲು ಕೆಡುವುದು ಹೆಚ್ಚಾಗಿ ಎಂಜಿನ್ನಿನಲ್ಲಲ್ಲ, ಮಣ್ಣಿನಲ್ಲಿ.

ಅಳತೆಯ ಮಾತು ಮೊದಲು ಮುಗಿಸೋಣ. ತೋಟದ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಹಳಿಗಳ ನಡುವೆ 45 ಮಿಲಿಮೀಟರ್ ಅಂತರ. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನಲ್ಲಿ ತಂದ ಗಾಡಿಗಳು ಇದನ್ನು ಜನಪ್ರಿಯ ಮಾಡಿದವು. ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್ ಗೇಜನ್ನು ಇಪ್ಪತ್ತೆರಡೂವರೆ ಪಟ್ಟು ಕುಗ್ಗಿಸಿದರೆ ಹೆಚ್ಚುಕಡಿಮೆ 45 ಬರುತ್ತದೆ. 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜನ್ನು 32 ಪಟ್ಟು ಕುಗ್ಗಿಸಿದರೂ ಅದೇ 45. ಹೀಗಾಗಿ ಎರಡೂ ಬಗೆಯ ಗಾಡಿಗಳು ಒಂದೇ ಹಳಿಯ ಮೇಲೆ ಓಡುತ್ತವೆ. ಆದರೆ ಅಕ್ಕಪಕ್ಕ ನಿಲ್ಲಿಸಿದರೆ ಒಂದು ಇನ್ನೊಂದರ ಮರಿಯಂತೆ ಕಾಣುತ್ತದೆ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ಆರಂಭಿಕರ ಸೆಟ್ಟಿನಲ್ಲಿ ಬರುವ ತಿರುವಿನ ಹಳಿಗೆ ತ್ರಿಜ್ಯ ಸುಮಾರು 60 ಸೆಂಟಿಮೀಟರ್, 12 ತುಂಡು ಸೇರಿಸಿದರೆ ಒಂದು ಸುತ್ತು. ಗಿಡ್ಡ ಎಂಜಿನ್ನಿಗೆ ಅದು ಸಾಕು. ಉದ್ದನೆಯ ಬೋಗಿ ಅಲ್ಲಿ ಹೊಟ್ಟೆಯನ್ನು ಒಳಕ್ಕೆ, ಮೂಲೆಗಳನ್ನು ಹೊರಕ್ಕೆ ಚಾಚುತ್ತದೆ, ಕೊಂಡಿಗಳು ಓರೆಯಾಗಿ ಎಳೆದಾಡುತ್ತವೆ. ಜಾಗವಿದ್ದರೆ ತ್ರಿಜ್ಯ 1.2 ಮೀಟರಿಗೆ ಕಡಿಮೆ ಬೇಡ. ಎಡದ ತಿರುವು ಮುಗಿದು ಬಲದ ತಿರುವು ಶುರುವಾಗುವ ನಡುವೆ ನಿಮ್ಮ ಅತಿ ಉದ್ದದ ಬೋಗಿಗಿಂತ ಉದ್ದವಾದ ನೇರ ಹಳಿ ಇರಲೇಬೇಕು.

ಏರಿನ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ಸೇತುವೆ ಹಾಕಿ ದಾಟಬೇಕು ಎನ್ನಿ. ಗಾಡಿಯ ಎತ್ತರ, ಸೇತುವೆಯ ದಪ್ಪ ಸೇರಿ 25 ಸೆಂಟಿಮೀಟರ್ ಏರಬೇಕು. ಮೀಟರಿಗೆ 2 ಸೆಂಟಿಮೀಟರಿನ ಹಿತವಾದ ಏರು ಕೊಟ್ಟರೆ ಹತ್ತಲು ಹನ್ನೆರಡೂವರೆ ಮೀಟರ್, ಇಳಿಯಲು ಮತ್ತೆ ಅಷ್ಟೇ. ಜಾಗ ಸಾಲದೆಂದು ಏರನ್ನು ದುಪ್ಪಟ್ಟು ಮಾಡಿದರೆ ಎಂಜಿನ್ ಎರಡು ಬೋಗಿಗೇ ಏದುಸಿರು ಬಿಡುತ್ತದೆ, ಅದೂ ತಿರುವಿನ ಮೇಲೆ ಏರು ಬಂದರೆ ಕೇಳುವುದೇ ಬೇಡ. ಚಿಕ್ಕ ತೋಟಕ್ಕೆ ಮಟ್ಟದ ಹಳಿಯೇ ಚೆಂದ.

ಇನ್ನು ಅಡಿಪಾಯ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಕಾಲುವೆ ತೋಡಿ, ತಳವನ್ನು ಚೆನ್ನಾಗಿ ದಮ್ಮಸ್ಸು ಮಾಡಿ. ಕಳೆ ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಕಾಲುವೆ ತೊಟ್ಟಿಯಾಗುತ್ತದೆ. ಮೊದಲು 7 ಸೆಂಟಿಮೀಟರ್ ದಪ್ಪ ಒರಟು ಜಲ್ಲಿ, ಅದರ ಮೇಲೆ 3ರಿಂದ 6 ಮಿಲಿಮೀಟರಿನ ಸಣ್ಣ ಜಲ್ಲಿಯನ್ನು ಕಲ್ಲುಪುಡಿಯ ಸಮೇತ 3 ಸೆಂಟಿಮೀಟರ್ ಸುರಿಯಿರಿ. ಒಡೆದ ಕಲ್ಲೇ ಆಗಬೇಕು. ಅದರ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಪುಡಿ ಸಂದಿ ತುಂಬುತ್ತದೆ. ಹೊಳೆಯ ಉರುಟುಗಲ್ಲು ನೋಡಲು ಚೆನ್ನ, ಆದರೆ ಗೋಲಿಯಂತೆ ಜಾರುತ್ತದೆ. ಈ ಅಳತೆಯಲ್ಲಿ 10 ಮೀಟರ್ ದಾರಿಗೆ ಸುಮಾರು 300 ಕಿಲೋ ಕಲ್ಲು ಬೇಕು. ಕೈಗಾಡಿ ಮೊದಲೇ ಹೊಂದಿಸಿಕೊಳ್ಳಿ.

ಹಳಿ ಇಟ್ಟ ಮೇಲೆ ರಸಮಟ್ಟವನ್ನು ಉದ್ದಕ್ಕೆ ಮಾತ್ರವಲ್ಲ, ಎರಡೂ ಹಳಿಗಳ ಮೇಲೆ ಅಡ್ಡಕ್ಕೂ ಇಟ್ಟು ನೋಡಿ. ಗಾಡಿಯನ್ನು ಹಳಿ ತಪ್ಪಿಸುವುದು ಏರಿಗಿಂತ ಈ ಅಡ್ಡ ವಾಲುವಿಕೆ. ಹಳಿಯಡಿಯ ಅಡ್ಡಪಟ್ಟಿ, ಅಂದರೆ ಸ್ಲೀಪರಿನ ಮೇಲ್ಮಟ್ಟದವರೆಗೆ ಸಣ್ಣ ಜಲ್ಲಿ ತುಂಬಿ, ಬ್ರಷ್ಷಿನಿಂದ ಸರಿಸಿ, ನೀರು ಚಿಮುಕಿಸಿ. ಸಿಮೆಂಟಿಗೆ ಮೊಳೆ ಹೊಡೆದು ಬಿಗಿಯಬೇಡಿ, ಹಳಿ ಜಲ್ಲಿಯಲ್ಲಿ ತೇಲುತ್ತಿರಲಿ. ಕಾರಣ ಹಿತ್ತಾಳೆಯ ಗುಣ. ಬೆಳಗಿನ ತಂಪಿಗೂ ನಡುಹಗಲ ಬಿಸಿಲಿಗೂ ಹಳಿಯ ಬಿಸಿಯಲ್ಲಿ 45 ಡಿಗ್ರಿ ವ್ಯತ್ಯಾಸ ಬಂದರೆ, 10 ಮೀಟರ್ ಹಿತ್ತಾಳೆ ಹಳಿ ಎಂಟೂವರೆ ಮಿಲಿಮೀಟರ್ ಬೆಳೆಯುತ್ತದೆ. ತಿರುವಿನಲ್ಲಿ ತೇಲುವ ಹಳಿ ಕೊಂಚ ಹೊರಕ್ಕೆ ಸರಿದು ಅದನ್ನು ನುಂಗಿಕೊಳ್ಳುತ್ತದೆ. ಬಿಗಿದ ನೇರ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ಮುಂಜಾನೆ ಹಳಿ ಜೋಡಿಸುವುದಾದರೆ ಒಂದೂವರೆ ಮೀಟರಿನ ಪ್ರತಿ ತುಂಡಿಗೂ ಒಂದು ಮಿಲಿಮೀಟರಿಗೆ ತುಸು ಹೆಚ್ಚು ಸಂದು ಬಿಡಿ.

ಹಳಿಯಲ್ಲೇ ಕರೆಂಟು ಹರಿಸುವವರಿಗೆ ಕಾಟ ಕೊಡುವುದು ಈ ಜೋಡಣೆಗಳೇ. ಜೋಡುಪಟ್ಟಿಯೊಳಗೆ ಕಿಲುಬು ಹಿಡಿಯುತ್ತದೆ, ಎಂಜಿನ್ ತೋಟದ ಆ ತುದಿಯಲ್ಲಿ ನಿಧಾನವಾಗಿ ಈ ತುದಿಗೆ ಬಂದಾಗ ಚುರುಕಾಗುತ್ತದೆ. ಮೀಟರ್ ಹಿಡಿದು ಖಾಲಿ ಹಳಿಯಲ್ಲಿ ವೋಲ್ಟೇಜ್ ನೋಡಿದರೆ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ, ಏಕೆಂದರೆ ಕರೆಂಟು ಹರಿಯದಿದ್ದರೆ ವೋಲ್ಟೇಜ್ ಇಳಿಯುವುದಿಲ್ಲ. ಎಂಜಿನ್ ಭಾರ ಎಳೆಯುತ್ತಿರುವಾಗ ಪ್ರತಿ ಜೋಡಣೆಯ ಎರಡೂ ಬದಿಗೆ ಮೀಟರಿನ ಕಡ್ಡಿ ಮುಟ್ಟಿಸಿ. ಕಳ್ಳ ಜೋಡಣೆ ಅಲ್ಲೇ ಸಿಕ್ಕಿಬೀಳುತ್ತದೆ. ಮದ್ದು ಎರಡು: ಸ್ಕ್ರೂ ಹಾಕಿ ಬಿಗಿಯುವ ಹಿತ್ತಾಳೆ ಕ್ಲ್ಯಾಂಪು, ಮತ್ತು ಐದಾರು ಮೀಟರಿಗೊಮ್ಮೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಿಂದ ಹಳಿಗೆ ಕರೆಂಟು ಊಡುವುದು. ಉದ್ದದ ನೇರ ಹಳಿಯಲ್ಲಿ ಮಾತ್ರ ಒಂದು ಜೋಡಣೆ ಜಾರುವಂತೆಯೇ ಇರಲಿ, ಅದರ ಪಕ್ಕದಲ್ಲಿ ಬಳುಕುವ ತಂತಿಯ ಸೇತುವೆ ಹಾಕಿ. ಟ್ರಾನ್ಸ್‌ಫಾರ್ಮರ್ ಮನೆಯೊಳಗೇ ಇರಬೇಕು, ತೋಟಕ್ಕೆ ಬರುವುದು 24 ವೋಲ್ಟಿನೊಳಗಿನ ಕರೆಂಟು ಮಾತ್ರ. ಹಳಿ ಉಜ್ಜಲು ಉಕ್ಕಿನ ನಾರು ಬಳಸಬೇಡಿ, ಅದರ ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ.

ಈ ಉಜ್ಜಾಟವೇ ಬೇಡವೆಂದರೆ ಬ್ಯಾಟರಿ ಮತ್ತು ರೇಡಿಯೋ ನಿಯಂತ್ರಣ ಎಂಜಿನ್ನಿನೊಳಗೇ ಕೂರಿಸಬಹುದು. ದೊಡ್ಡ ತೋಟಕ್ಕೆ ಇದೇ ವಾಸಿ. ಗ್ಯಾಸಿನಿಂದ ನೀರು ಕುದಿಸಿ ನಿಜವಾದ ಹಬೆಯಲ್ಲೇ ಓಡುವ ಎಂಜಿನ್ನಿಗೂ ಹಳಿಯ ಕರೆಂಟು ಬೇಡ. ಅದು ಕೇಳುವುದು ಮಟ್ಟದ ಹಾದಿ. ಏರಿನಲ್ಲಿ ನಿಂತುಬಿಡುವ ಎಂಜಿನ್ ಇಳಿಜಾರಿನಲ್ಲಿ ಕೈಮೀರಿ ಓಡಿ ತಿರುವಿನಲ್ಲಿ ಮಗುಚುತ್ತದೆ. ಗ್ಯಾಸ್ ತುಂಬುವಾಗ ಹತ್ತಿರದಲ್ಲಿ ಇನ್ನೊಂದು ಎಂಜಿನ್ ಉರಿಯುತ್ತಿರಬಾರದು.

ಗಾಡಿ ಹಳಿ ತಪ್ಪಿದರೆ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಎಲ್ಲ ಗಾಡಿಗಳೂ ಒಂದೇ ಜಾಗದಲ್ಲಿ ತಪ್ಪುತ್ತಿವೆಯೇ? ತಪ್ಪು ಹಳಿಯದು. ಒಂದೇ ಗಾಡಿ ಎಲ್ಲೆಲ್ಲೂ ತಪ್ಪುತ್ತಿದೆಯೇ? ಚಕ್ರಗಳ ಒಳಬದಿಯ ಅಂತರ ಅಳೆಯಿರಿ, ಸುಮಾರು 40 ಮಿಲಿಮೀಟರ್ ಇರಬೇಕು, ಚಕ್ರ ಅಚ್ಚಿನ ಮೇಲೆ ಜಾರಿದ್ದರೆ ಇಲ್ಲೇ ತಿಳಿಯುತ್ತದೆ. ದಾರಿ ಬದಲಿಸುವ ಪಾಯಿಂಟಿನ ನಾಲಿಗೆಗಳ ಸಂದಿಯಲ್ಲಿ ಒಂದು ಕಾಳಿನಷ್ಟು ಕಲ್ಲಿದ್ದರೂ ನಾಲಿಗೆ ಪೂರ್ತಿ ಕೂರುವುದಿಲ್ಲ.

ಓಡಿಸುವ ದಿನ ಒಂದು ಹಗುರ ಬೋಗಿಯನ್ನು ಕೈಯಲ್ಲಿ ತಳ್ಳುತ್ತಾ ಇಡೀ ದಾರಿ ಸುತ್ತಿ ಬನ್ನಿ. ಕುಸಿದ ಸ್ಲೀಪರ್, ಬಾಗಿದ ಹುಲ್ಲು, ಚಕ್ರವನ್ನು ಜಾರಿಸುವ ಬಸವನಹುಳುವಿನ ಲೋಳೆ ಎಲ್ಲ ಕೈಗೇ ತಿಳಿಯುತ್ತವೆ. ಸುರಂಗ ಕಟ್ಟಿದ್ದರೆ ನಡುವಿನವರೆಗೆ ಕೈ ಎಟುಕುವಷ್ಟೇ ಉದ್ದವಿರಲಿ, ಇಲ್ಲವೇ ಮೇಲೆ ತೆಗೆಯುವ ಮುಚ್ಚಳವಿರಲಿ. ಮೊದಲ ಗಾಡಿ ಬಿಡುವ ಮುನ್ನ ಒಳಗೆ ಟಾರ್ಚ್ ಹಾಕಿ ನೋಡಿ. ರಾತ್ರಿಯ ತಂಪಿಗೆ ಅಲ್ಲಿ ಕಪ್ಪೆಯೊಂದು ಕೂತಿದ್ದರೆ ಅದನ್ನು ಎಬ್ಬಿಸಿಯೇ ಹಸಿರು ಬಾವುಟ ತೋರಿಸಿ.

ನಮಸ್ಕಾರ.