ಏಳು ಕೆರೆ ನೀರು ಕುಡಿದ ಕೋಚ್

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಬಗ್ಗೆ ಮಾತು ಅಂದ ಕೂಡಲೇ ಮೆಸ್ಸಿ, ರೊನಾಲ್ಡೊ, ನಮ್ಮ ಸುನಿಲ್ ಛೇಟ್ರಿ ನೆನಪಾಗುತ್ತಾರೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಸಾಲಿನವರ ಬಗ್ಗೆ ಅಲ್ಲ. ನಾನು ಹೇಳಹೊರಟ ಕೋಚ್ ತಮ್ಮ ದೇಶದ ಸೀನಿಯರ್ ತಂಡಕ್ಕೆ ಒಂದು ಮ್ಯಾಚೂ ಆಡಲಿಲ್ಲ. ಆಡಿದ್ದು ಹೆಚ್ಚಾಗಿ ಇಂಗ್ಲೆಂಡಿನ ಕೆಳಗಿನ ಡಿವಿಷನ್‌ಗಳಲ್ಲಿ, ನಮ್ಮಲ್ಲಿ ಅನೇಕರು ಹೆಸರೂ ಕೇಳದ ಊರುಗಳಲ್ಲಿ. ಆದರೂ ಬೆಂಗಳೂರಿನ ಕ್ರೀಡೆಯಲ್ಲಿ ಅವರಿಗೊಂದು ದೊಡ್ಡ ಜಾಗ ಇದೆ. ಅವರು ಆಶ್ಲಿ ವೆಸ್ಟ್‌ವುಡ್, ಬೆಂಗಳೂರು ಎಫ್‌ಸಿಯ ಮೊದಲ ಕೋಚ್.

ಇದೇ ಹೆಸರಿನ ಇನ್ನೊಬ್ಬ ಆಟಗಾರ ಇದ್ದಾರೆ. ಆಸ್ಟನ್ ವಿಲ್ಲಾ, ಬರ್ನ್‌ಲಿ ತಂಡಗಳಲ್ಲಿ ಆಡಿದ ಮಿಡ್‌ಫೀಲ್ಡರ್. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಅವರೇ ಸಿಗಬಹುದು. ನಾನು ಹೇಳುತ್ತಿರುವವರು 1976ರಲ್ಲಿ ಹುಟ್ಟಿದ ಡಿಫೆಂಡರ್.

ಶುರು ಮಾಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ. ಬೆಕಮ್, ಸ್ಕೋಲ್ಸ್ ಅವರ ತಂಡಕ್ಕಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹುಡುಗರ ಗುಂಪು ಅದು. ಅಲ್ಲಿಂದ ಮೇಲಿನ ತಂಡಕ್ಕೆ ಹೋಗುವ ಬಾಗಿಲು ತೀರಾ ಸಣ್ಣದು. ಹತ್ತೊಂಬತ್ತರ ಹೊತ್ತಿಗೆ, 1995ರಲ್ಲಿ, ಅವರು ಕ್ರೂ ಅಲೆಕ್ಸಾಂಡ್ರಾ ಎನ್ನುವ ಪುಟ್ಟ ಕ್ಲಬ್ಬಿಗೆ ಬಂದರು. ಡಾರಿಯೊ ಗ್ರಾಡಿ ಎನ್ನುವ ಕೋಚ್ ಯುವಕರನ್ನು ಬೆಳೆಸುವುದರಲ್ಲಿ ಹೆಸರು ಮಾಡಿದ್ದ ಕ್ಲಬ್ ಅದು. ಆಮೇಲೆ ಬ್ರಾಡ್‌ಫರ್ಡ್ ಸಿಟಿ. 1999ರಲ್ಲಿ ಆ ತಂಡ ಪ್ರೀಮಿಯರ್ ಲೀಗಿಗೆ ಏರಿತು. ವೆಸ್ಟ್‌ವುಡ್ ಅವರಿಗೂ ಅಲ್ಲಿ ಬೆರಳೆಣಿಕೆಯಷ್ಟು ಮ್ಯಾಚ್ ಸಿಕ್ಕಿದವು. ಅಲ್ಲಿಂದ ಶೆಫೀಲ್ಡ್ ವೆನ್ಸ್‌ಡೇ. ದೊಡ್ಡ ಇತಿಹಾಸದ ಕ್ಲಬ್, ಆದರೆ ಸಾಲದಲ್ಲಿ ಮುಳುಗಿ ಕೆಳಗಿಳಿಯುತ್ತಿದ್ದ ಕಾಲ. ಆಮೇಲೆ ನಾರ್ಥಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್. ಹೀಗೇ ಒಂದೊಂದೇ ಮೆಟ್ಟಿಲು ಕೆಳಕ್ಕೆ.

ಕೇಳೋಕೆ ಇದು ಸೋಲಿನ ಕಥೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹೀಗೆ ಊರೂರು ಅಲೆದ ಆಟಗಾರ ನೋಡುವಷ್ಟು ಫುಟ್‌ಬಾಲ್ ಅನ್ನು ಒಂದೇ ಕ್ಲಬ್ಬಿನಲ್ಲಿ ಹದಿನೈದು ವರ್ಷ ಇದ್ದ ಸ್ಟಾರ್ ನೋಡುವುದಿಲ್ಲ. ಮೇಲಿನ ಡಿವಿಷನ್ನಿಗೆ ಏರಿದ ತಂಡದ ಡ್ರೆಸಿಂಗ್ ರೂಮಿನಲ್ಲಿ ಇವರು ಕೂತಿದ್ದಾರೆ. ಕೆಳಕ್ಕೆ ಬಿದ್ದ ತಂಡದಲ್ಲೂ ಕೂತಿದ್ದಾರೆ. ಒಳ್ಳೆಯ ಮೈದಾನ, ಕೆಸರಿನ ಮೈದಾನ ಎರಡೂ ಗೊತ್ತು. ಗಾಯವಾಗಿ ಹೊರಗೆ ಕೂತವನ ಸಂಕಟ ಗೊತ್ತು. ಮುಂದಿನ ವರ್ಷ ಕಾಂಟ್ರ್ಯಾಕ್ಟ್ ಸಿಗುತ್ತೋ ಇಲ್ಲವೋ ಎಂದು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಶುರುವಾಗುವ ಭಯ ಗೊತ್ತು. ತಂಡದ ಇಪ್ಪತ್ತೈದು ಜನರಲ್ಲಿ ಹೆಚ್ಚಿನವರ ಬದುಕು ಅದೇ ಅಲ್ವಾ? ಅವರನ್ನು ನಡೆಸಬೇಕಾದ ಕೋಚಿಗೆ ಇದಕ್ಕಿಂತ ಒಳ್ಳೆಯ ತಯಾರಿ ಎಲ್ಲಿ ಸಿಗುತ್ತದೆ?

ಆಡುವುದು ಮುಗಿದ ಮೇಲೆ ಅವರು ಮೈಕಲ್ ಆಪಲ್ಟನ್ ಅವರ ಸಹಾಯಕರಾಗಿ ಕೆಲಸ ಮಾಡಿದರು. ಆ ಹೊತ್ತಿನಲ್ಲಿ ಆಪಲ್ಟನ್ ಅವರ ಕುರ್ಚಿ ಎಲ್ಲೂ ಗಟ್ಟಿಯಾಗಿ ನಿಲ್ಲಲಿಲ್ಲ. ಬ್ಲ್ಯಾಕ್‌ಬರ್ನ್ ರೋವರ್ಸ್ 2013ರ ಮಾರ್ಚಿನಲ್ಲಿ ಅವರನ್ನು ತೆಗೆದಾಗ ಬಂದು 67 ದಿನ ಆಗಿತ್ತಷ್ಟೆ. ಮುಖ್ಯ ಕೋಚ್ ಹೋದರೆ ಸಹಾಯಕರೂ ಗಂಟುಮೂಟೆ ಕಟ್ಟಬೇಕು. ಅದಾಗಿ ಕೆಲವೇ ತಿಂಗಳಲ್ಲಿ ವೆಸ್ಟ್‌ವುಡ್ ಬೆಂಗಳೂರಿಗೆ ಬಂದರು. ಆಗ ಅವರಿಗೆ 36 ವರ್ಷ. ಮುಖ್ಯ ಕೋಚ್ ಆಗಿ ಅನುಭವ ಇರಲಿಲ್ಲ. ಕೈಯಲ್ಲಿ ತಂಡವೂ ಇರಲಿಲ್ಲ, ಯಾಕೆಂದರೆ ಕ್ಲಬ್ಬೇ ಆಗಷ್ಟೇ ಹುಟ್ಟುತ್ತಿತ್ತು.

ಒಂದು ಮಾತು ಮರೆಯಬಾರದು. ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಎನ್ನುವ ಹಳೆಯ ಟೂರ್ನಿ ಗೆದ್ದಿತ್ತು. ಮೈಸೂರು ರಾಜ್ಯ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಈಗಲೂ ಚೆಂಡು ಉರುಳುತ್ತದೆ. ಆದರೆ ನಗರಕ್ಕೆಲ್ಲ ನಮ್ಮದು ಅನ್ನಿಸುವ, ರಾಷ್ಟ್ರೀಯ ಲೀಗಿನಲ್ಲಿ ಮೇಲೆ ನಿಲ್ಲುವ ಕ್ಲಬ್ ಆಗ ಇರಲಿಲ್ಲ.

ವೆಸ್ಟ್‌ವುಡ್ ತಂಡ ಕಟ್ಟಿದ ರೀತಿ ನೋಡಿ. ನಾಯಕನ ಜಾಗದಲ್ಲಿ ಛೇಟ್ರಿ, ಸರಿ. ಆದರೆ ವಿದೇಶದಿಂದ ಬಂದವರು ಯಾರು? ಹೆಸರಿಗೆ ಮಾತ್ರ ಬರುವ, ಆಟ ಮುಗಿದ ಸ್ಟಾರ್‌ಗಳಲ್ಲ. ಡಿಫೆನ್ಸಿಗೆ ಜಾನ್ ಜಾನ್ಸನ್ ಬಂದರು, ವೆಸ್ಟ್‌ವುಡ್ ಒಂದು ಕಾಲಕ್ಕೆ ಆಡಿದ್ದ ಅದೇ ನಾರ್ಥಾಂಪ್ಟನ್‌ನಿಂದ. ಜೊತೆಗೆ ಕರ್ಟಿಸ್ ಒಸಾನೊ, ಲೂಟನ್ ಟೌನ್‌ನಂಥ ಕ್ಲಬ್ಬುಗಳಲ್ಲಿ ಆಡಿದವರು. ಅಂದರೆ ತನ್ನಂಥವರನ್ನೇ ಕರೆಸಿದರು. ಚಳಿಯಲ್ಲಿ, ಮಳೆಯಲ್ಲಿ, ಹೆಚ್ಚು ಜನ ನೋಡದ ಮ್ಯಾಚಿನಲ್ಲೂ ಮೈ ಮುರಿದು ಆಡುವವರನ್ನು. ಆ ಜಾನ್ಸನ್ ಐದು ವರ್ಷ ಬೆಂಗಳೂರಿನಲ್ಲೇ ಉಳಿದರು, ಅಭಿಮಾನಿಗಳ ಮನೆಮಾತಾದರು. ನನ್ನ ಪ್ರಕಾರ ಮೊದಲ ವರ್ಷದ ಯಶಸ್ಸಿನ ಅರ್ಧ ಗುಟ್ಟು ಈ ಆಯ್ಕೆಯಲ್ಲೇ ಇದೆ. ಉಳಿದರ್ಧ ಫಿಟ್‌ನೆಸ್ಸಿನಲ್ಲಿ. ಕೊನೆಯ ಹತ್ತು ನಿಮಿಷದಲ್ಲೂ ಓಡುವ ತಂಡ ಅದಾಗಿತ್ತು.

2013ರ ಸೆಪ್ಟೆಂಬರ್ 22. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧ ಐ-ಲೀಗಿನ, ಅಂದರೆ ಆಗಿನ ರಾಷ್ಟ್ರೀಯ ಲೀಗಿನ, ಮೊದಲ ಮ್ಯಾಚ್, 1-1 ಡ್ರಾ. ಏಳು ತಿಂಗಳು ಕಳೆಯುವಷ್ಟರಲ್ಲಿ, 2014ರ ಏಪ್ರಿಲ್ 21ರಂದು, ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬೆಂಗಳೂರು ಚಾಂಪಿಯನ್ ಆಯಿತು. ಮೊದಲ ವರ್ಷವೇ! ಮುಂದಿನ ಜನವರಿಯಲ್ಲಿ ಅದೇ ಫತೋರ್ಡಾದಲ್ಲಿ, ಅದೇ ಡೆಂಪೊ ವಿರುದ್ಧ, ಫೆಡರೇಷನ್ ಕಪ್ ಕೂಡ ಗೆದ್ದಿತು.

ಆದರೆ ನಾನು ನಿಮಗೆ ವಿವರವಾಗಿ ಹೇಳಬೇಕು ಅಂದುಕೊಂಡಿದ್ದು ಗೆದ್ದ ದಿನದ ಬಗ್ಗೆ ಅಲ್ಲ. 2015ರ ಮೇ 31. ಕಂಠೀರವ ಸ್ಟೇಡಿಯಂ. ಲೀಗಿನ ಕೊನೆಯ ದಿನ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆಲ್ಲಲೇಬೇಕು. ಬಾಗಾನ್‌ಗೆ ಡ್ರಾ ಸಾಕು. ಮಳೆ, ಒದ್ದೆ ಮೈದಾನ. ಮೊದಲ ಅರ್ಧ ಮುಗಿಯುವ ಮುಂಚೆ ಜಾನ್ಸನ್ ಗೋಲ್ ಹೊಡೆದರು. ಸ್ಟೇಡಿಯಂ ಎದ್ದು ಕುಣಿಯಿತು. ಆಮೇಲೆ ಕಾಯುವುದೇ ಕೆಲಸ. 87ನೇ ನಿಮಿಷದಲ್ಲಿ ಬಾಗಾನ್‌ಗೆ ಕಾರ್ನರ್ ಸಿಕ್ಕಿತು. ಬೆಲ್ಲೊ ರಜಾಕ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ತಲೆ ಕೊಟ್ಟರು. 1-1. ಹದಿಮೂರು ವರ್ಷ ಕಾದಿದ್ದ ಬಾಗಾನ್‌ಗೆ ಲೀಗ್ ಹೋಯಿತು. ಮೂರು ನಿಮಿಷದ ಅಂತರದಲ್ಲಿ ಕೈತಪ್ಪಿದ ಟ್ರೋಫಿ ಅದು.

ಇಂಥ ಪೆಟ್ಟು ತಿಂದ ತಂಡಗಳು ಚೆದುರಿ ಹೋಗುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಬೆಂಗಳೂರು ಚೆದುರಲಿಲ್ಲ. 2016ರ ಏಪ್ರಿಲ್‌ನಲ್ಲಿ, ಅದೇ ಕಂಠೀರವದಲ್ಲಿ, ಸಲ್ಗಾಂವ್ಕರ್ ತಂಡವನ್ನು 2-0ಯಿಂದ ಸೋಲಿಸಿ ಮತ್ತೆ ಚಾಂಪಿಯನ್ ಆಯಿತು. ಸೋತ ಮರುದಿನ ಬೆಳಗ್ಗೆ ಪ್ರ್ಯಾಕ್ಟೀಸಿಗೆ ಬರುವುದು ಹೇಗೆ ಅನ್ನುವುದು ಕೆಳಗಿನ ಡಿವಿಷನ್ನಿನ ಆಟಗಾರನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆ ಎರಡನೇ ಟ್ರೋಫಿಯೇ ವೆಸ್ಟ್‌ವುಡ್ ಅವರ ನಿಜವಾದ ಸಾಧನೆ ಅಂತ ನಾನು ನಂಬಿದ್ದೇನೆ. ಮೊದಲನೆಯದಕ್ಕೆ ಹುಮ್ಮಸ್ಸು ಸಾಕಾಗಿತ್ತು. ಎರಡನೆಯದಕ್ಕೆ ಗಟ್ಟಿತನ ಬೇಕಿತ್ತು.

ಆ ವರ್ಷವೇ ಅವರು ಹೊರಟರು. ಅದಾದ ಮೇಲಿನ ದಾರಿ ಸಲೀಸಾಗಿರಲಿಲ್ಲ. ಮಲೇಷ್ಯಾದ ಪೆನಾಂಗ್ ತಂಡದಲ್ಲಿ ಕೆಲಸ ಕೈಗೂಡಲಿಲ್ಲ. ಕೋಲ್ಕತ್ತದ ಎಟಿಕೆ ಕ್ಲಬ್ಬಿನಲ್ಲಿ ಟೆಡ್ಡಿ ಶೆರಿಂಗಮ್ ಎಂಬ ದೊಡ್ಡ ಸ್ಟಾರ್ ಕೋಚ್ ಆಗಿದ್ದರು. 2018ರ ಜನವರಿಯಲ್ಲಿ ಅವರನ್ನು ತೆಗೆದಾಗ ತಂಡದ ಹೊಣೆ ವೆಸ್ಟ್‌ವುಡ್ ಹೆಗಲಿಗೆ ಬಂತು. ಕುಸಿಯುತ್ತಿದ್ದ ಆ ತಂಡವನ್ನು ಎತ್ತಲು ಅವರಿಂದಲೂ ಆಗಲಿಲ್ಲ. ಆಮೇಲೆ ಪಂಜಾಬಿನ ಕ್ಲಬ್.

2023ರ ಕೊನೆಯಲ್ಲಿ ಅವರು ಒಪ್ಪಿಕೊಂಡ ಕೆಲಸ ಮಾತ್ರ ಯಾರಿಗೂ ಬೇಡವಾಗಿದ್ದಂಥದ್ದು: ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ. ಸ್ವಂತ ನೆಲದಲ್ಲಿ ಆಡುವ ಹಾಗಿಲ್ಲ. ಫೆಡರೇಷನ್ ಜೊತೆ ಜಗಳವಾಗಿ ಅನೇಕ ಹಿರಿಯ ಆಟಗಾರರು ದೂರ ನಿಂತಿದ್ದರು. ಅಂಥ ತಂಡವನ್ನು ಕಟ್ಟಿಕೊಂಡು 2024ರ ಮಾರ್ಚಿನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಭಾರತವನ್ನು ಎದುರಿಸಿದರು. ಸೌದಿಯ ಅಭಾದಲ್ಲಿ ಗೋಲಿಲ್ಲದ ಡ್ರಾ. ಐದು ದಿನ ಬಿಟ್ಟು ಗುವಾಹಟಿಯಲ್ಲಿ ಛೇಟ್ರಿ ಅವರ 150ನೇ ಅಂತರರಾಷ್ಟ್ರೀಯ ಮ್ಯಾಚ್. ಛೇಟ್ರಿ ಪೆನಾಲ್ಟಿಯಲ್ಲಿ ಗೋಲ್ ಹೊಡೆದರು. ಎದುರಿನ ಬೆಂಚಿನಲ್ಲಿ ಅವರ ಹಳೆಯ ಕೋಚ್! ಎರಡನೇ ಅರ್ಧದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು. ಕೊನೆಯ ನಿಮಿಷಗಳಲ್ಲಿ ಶರೀಫ್ ಮುಖಮ್ಮದ್ ಪೆನಾಲ್ಟಿ. ಭಾರತ 1, ಅಫ್ಘಾನಿಸ್ತಾನ 2. ನಮಗೆ ನೋವಾಯಿತು, ನಿಜ. ಆದರೆ ಆ ಆಟಗಾರರು ಎಂಥ ಸ್ಥಿತಿಯಿಂದ ಬಂದಿದ್ದರು ಎಂದು ನೆನೆದರೆ ಆ ಗೆಲುವಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಆ ವರ್ಷವೇ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡದ ಕೋಚ್ ಆಗಿ ಹೋದರು. 2025ರ ಜೂನ್ 10ರಂದು ಅಲ್ಲಿನ ಹೊಸ ಕೈ ಟಾಕ್ ಸ್ಟೇಡಿಯಂನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ. ಮತ್ತೆ ಭಾರತವೇ. ತೊಂಬತ್ತು ನಿಮಿಷ ಮುಗಿದ ಮೇಲೆ, ಇಂಜುರಿ ಟೈಮಿನಲ್ಲಿ, ಸ್ಟೀಫನ್ ಪೆರೇರಾ ಪೆನಾಲ್ಟಿ, ಹಾಂಗ್‌ಕಾಂಗ್‌ಗೆ 1-0 ಗೆಲುವು. ನಿವೃತ್ತಿಯಿಂದ ವಾಪಸ್ ಬಂದಿದ್ದ ಛೇಟ್ರಿ ಅವತ್ತೂ ಮೈದಾನಕ್ಕಿಳಿದಿದ್ದರು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಲ್ಲೂ ಇಂಥ ಆಟಗಾರರು ಇದ್ದಾರೆ. ಬ್ಯಾಂಕು, ಕಾರ್ಖಾನೆ, ಪೊಲೀಸ್ ತಂಡಗಳಿಗೆ ವರ್ಷಗಟ್ಟಲೆ ಆಡಿ, ಪೇಪರಿನಲ್ಲಿ ಫೋಟೊ ಬಾರದೆ ನಿಂತವರು. ಗಾಯಗಳಿಂದ ಆಟ ಮೊಟಕಾದ ಖಾಲಿದ್ ಜಮೀಲ್ 2017ರಲ್ಲಿ ಐಜೋಲ್ ತಂಡವನ್ನು ಐ-ಲೀಗ್ ಚಾಂಪಿಯನ್ ಮಾಡಿದರು, 2025ರಲ್ಲಿ ಭಾರತ ತಂಡದ ಕೋಚ್ ಆದರು. ಅವರಿಗೆ ಒಂದು ಸಣ್ಣ ಕ್ಲಬ್ ಬಾಗಿಲು ತೆಗೆದಿತ್ತು. ನಮ್ಮ ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನ ಆಟಗಾರರಿಗೆ ಕೋಚಿಂಗ್ ಲೈಸೆನ್ಸಿನ ಫೀಸು ಕಟ್ಟಲು, ರಜೆ ಹಾಕಿ ಕೋರ್ಸಿಗೆ ಹೋಗಲು ಯಾರು ನೆರವಾಗುತ್ತಾರೆ? ಈ ಸಭೆಯಲ್ಲಿ ಕ್ಲಬ್ ನಡೆಸುವವರು ಇದ್ದೀರಿ, ಶಾಲೆ ನಡೆಸುವವರೂ ಇದ್ದೀರಿ. ನಿಮ್ಮ ತಂಡದಲ್ಲಿ ಮೂವತ್ತು ದಾಟಿದ, ಆಟದುದ್ದಕ್ಕೂ ಪಕ್ಕದವನಿಗೆ ಕೂಗಿ ಹೇಳುತ್ತಾ ಲೈನ್ ಸರಿ ಮಾಡುವ ಡಿಫೆಂಡರ್ ಒಬ್ಬ ಇದ್ದೇ ಇರುತ್ತಾನೆ. ಈ ಸೀಸನ್ ಮುಗಿಯುವುದರೊಳಗೆ ಅವನನ್ನು ಕೂರಿಸಿಕೊಂಡು ಕೋಚಿಂಗ್ ಬಗ್ಗೆ ಮಾತಾಡಿ.

ನನ್ನ ಮಾತು ಇಷ್ಟೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.