350 ಜನರ ಊರಿಗೆ ನೆಂಟರಾಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ರೀನ್‌ಲ್ಯಾಂಡ್‌ನ ಪೂರ್ವ ಕರಾವಳಿಯಲ್ಲಿ ಇಟ್ಟೊಕೊರ್ಟೂರ್ಮೀಟ್ ಅಂತ ಒಂದು ಊರಿದೆ. ಹಳೆಯ ನಕ್ಷೆಗಳಲ್ಲಿ ಅದೇ ಸ್ಕೋರ್ಸ್‌ಬಿಸುಂಡ್. ಉತ್ತರಕ್ಕೆ 70 ಡಿಗ್ರಿ ಅಕ್ಷಾಂಶವನ್ನೂ ದಾಟಿ ಹೋಗಬೇಕು. ಅಲ್ಲಿ ಸುಮಾರು 350 ಜನ ಇದ್ದಾರೆ. ಹತ್ತಿರದ ಪಟ್ಟಣ ಯಾವುದು ಅಂತ ಕೇಳಿದರೆ ತಸೀಲಾಕ್ ಅನ್ನುತ್ತಾರೆ. ಅದು ದಕ್ಷಿಣಕ್ಕೆ ಸುಮಾರು 800 ಕಿಲೋಮೀಟರ್ ದೂರ. ನಡುವೆ ರಸ್ತೆ ಇಲ್ಲ. ವಿಮಾನ ಇಳಿಯುವ ಜಾಗ ಊರಿಂದ ಸುಮಾರು 40 ಕಿಲೋಮೀಟರ್ ಆಚೆ ಇದೆ, ಅಲ್ಲಿಂದ ಊರಿಗೆ ಹೆಲಿಕಾಪ್ಟರ್‌ನಲ್ಲಿ ಬರಬೇಕು. ಇಷ್ಟು ದೂರದ ಊರಿಗೂ ಈಗ ಬೇಸಿಗೆಯಲ್ಲಿ ಪ್ರವಾಸಿ ಹಡಗುಗಳು ಬರುತ್ತವೆ. ಐಸ್‌ಲ್ಯಾಂಡ್‌ನಿಂದ ಹೊರಟ ಅಂಥ ಒಂದು ಸಣ್ಣ ಹಡಗಿನಲ್ಲಿ ನಾನೂ ಹೋಗಿದ್ದೆ. ಆ ಊರಿನ ಬಗ್ಗೆ, ಅಲ್ಲಿಗೆ ನಾವು ಹೇಗೆ ಹೋಗಬೇಕು ಅನ್ನುವುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲು ಸಮುದ್ರದ ಮಾತು. ಉತ್ತರ ಧ್ರುವದ ಕಡೆಯಿಂದ ಒಂದು ತಣ್ಣನೆಯ ಪ್ರವಾಹ ಗ್ರೀನ್‌ಲ್ಯಾಂಡ್‌ನ ಪೂರ್ವ ದಡದ ಉದ್ದಕ್ಕೂ ಕೆಳಗಿಳಿಯುತ್ತದೆ. ಬರುವಾಗ ರಾಶಿ ರಾಶಿ ಮಂಜುಗಡ್ಡೆಯನ್ನು ಹೊತ್ತು ತರುತ್ತದೆ. ಹೀಗಾಗಿ ವರ್ಷದಲ್ಲಿ ಒಂಬತ್ತು ತಿಂಗಳು ಈ ದಡಕ್ಕೆ ಹಡಗು ಬರುವ ಹಾಗೇ ಇಲ್ಲ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ದಾರಿ ತೆರೆದಿರುತ್ತದೆ. ಅದೂ ಖಾತ್ರಿ ಏನಲ್ಲ. ಗಾಳಿ ತಿರುಗಿದರೆ, ಮಂಜು ಕವಿದರೆ, ಹಡಗಿನವರು ಊರನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾವು ಹೋದ ದಿನವೂ ಬೆಳಗ್ಗೆ ಏನೂ ಕಾಣುತ್ತಿರಲಿಲ್ಲ. ಮಂಜು ನಿಧಾನವಾಗಿ ಮೇಲೆದ್ದಾಗ ಕಲ್ಲಿನ ಇಳಿಜಾರಿನ ಮೇಲೆ ಕೆಂಪು, ನೀಲಿ, ಹಳದಿ, ಹಸಿರು ಬಣ್ಣದ ಮರದ ಮನೆಗಳು ಕಂಡವು. ಒಂದೇ ಒಂದು ಮರ ಇಲ್ಲ. ಹಡಗು ದೂರದಲ್ಲೇ ಲಂಗರು ಹಾಕಿತು. ರಬ್ಬರ್ ದೋಣಿಯಲ್ಲಿ ಹತ್ತು ಹತ್ತು ಜನರಾಗಿ ದಡಕ್ಕೆ ಹೋದೆವು.

ಇಂಥ ಜಾಗದಲ್ಲಿ ಊರು ಯಾಕೆ ಕಟ್ಟಿದರು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಎರಡು ಉತ್ತರ ಇದೆ. ಒಂದು ಉತ್ತರ ನೀರಿನಲ್ಲಿದೆ. ಊರಿನ ಪಕ್ಕದಲ್ಲೇ ಸ್ಕೋರ್ಸ್‌ಬಿ ಸುಂಡ್ ಅನ್ನುವ ದೊಡ್ಡ ಫ್ಯೋರ್ಡ್ ಶುರುವಾಗುತ್ತದೆ. ಬೆಟ್ಟಗಳ ನಡುವೆ ಸುಮಾರು 350 ಕಿಲೋಮೀಟರ್ ಒಳಗೆ ನುಗ್ಗಿದ ಸಮುದ್ರ ಅದು. ಇಂಗ್ಲೆಂಡಿನ ತಿಮಿಂಗಿಲ ಬೇಟೆಗಾರ ವಿಲಿಯಂ ಸ್ಕೋರ್ಸ್‌ಬಿ 1822ರಲ್ಲಿ ಈ ಕರಾವಳಿಯ ನಕ್ಷೆ ಬರೆದು, ಫ್ಯೋರ್ಡ್‌ಗೆ ತಮ್ಮ ತಂದೆಯ ಹೆಸರಿಟ್ಟರು. ಫ್ಯೋರ್ಡ್‌ನ ಬಾಯಿಯಲ್ಲಿ ಒಂದಷ್ಟು ನೀರು ಕಡುಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಉಸಿರಾಡಲು ತೆರೆದ ನೀರು ಸಿಗುತ್ತದೆ ಅಂತ ಸೀಲ್‌ಗಳು, ವಾಲ್‌ರಸ್‌ಗಳು ಅಲ್ಲಿ ಸೇರುತ್ತವೆ. ಅವುಗಳ ಹಿಂದೆ ಹಿಮಕರಡಿ ಬರುತ್ತದೆ. ಅವುಗಳನ್ನು ನಂಬಿ ಮನುಷ್ಯ ಬಂದ.

ಇನ್ನೊಂದು ಉತ್ತರ ರಾಜಕೀಯದ್ದು. ಪೂರ್ವ ಗ್ರೀನ್‌ಲ್ಯಾಂಡ್ ಯಾರದ್ದು ಅಂತ ಆಗ ಡೆನ್ಮಾರ್ಕ್‌ಗೂ ನಾರ್ವೆಗೂ ಜಗಳ ಇತ್ತು. ಡೆನ್ಮಾರ್ಕಿನ ಅನ್ವೇಷಕ ಐನಾರ್ ಮಿಕೆಲ್ಸೆನ್ 1924ರಲ್ಲಿ ಬಂದು ಮನೆ ಕಟ್ಟುವ ಕೆಲಸ ಶುರು ಮಾಡಿಸಿದರು. 1925ರಲ್ಲಿ ದಕ್ಷಿಣದಿಂದ ಇನುಯಿಟ್ ಕುಟುಂಬಗಳನ್ನು, ಅಂದರೆ ಗ್ರೀನ್‌ಲ್ಯಾಂಡ್‌ನ ಮೂಲನಿವಾಸಿಗಳನ್ನು, ಹಡಗಿನಲ್ಲಿ ಕರೆತಂದು ಇಲ್ಲಿ ನೆಲೆಗೊಳಿಸಿದರು. ದಕ್ಷಿಣದಲ್ಲಿ ಬೇಟೆ ಸಾಲುತ್ತಿರಲಿಲ್ಲ, ಇಲ್ಲಿ ಬೇಟೆ ಧಾರಾಳವಾಗಿತ್ತು, ಅದು ನಿಜ. ಆದರೆ ಈ ನೆಲದ ಮೇಲೆ ನಮ್ಮ ಜನ ಇದ್ದಾರೆ ಅಂತ ಡೆನ್ಮಾರ್ಕ್ ಜಗತ್ತಿಗೆ ತೋರಿಸಬೇಕಿತ್ತು, ಅದೂ ನಿಜ. 1933ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಡೆನ್ಮಾರ್ಕ್ ಪರವಾಗಿ ತೀರ್ಪು ಕೊಟ್ಟಿತು. ಜಗಳ ಅಲ್ಲಿಗೆ ಮುಗಿಯಿತು. ಬಂದ ಕುಟುಂಬಗಳು ಮಾತ್ರ ಇಲ್ಲೇ ಉಳಿದವು. ಈಗ ಊರಿಗೆ ನೂರು ವರ್ಷ ತುಂಬಿದೆ. ಆ ನೂರು ಚಳಿಗಾಲಗಳನ್ನು ದಾಟಿದವರು ಈ ಜನ. ಅವರ ಬಗ್ಗೆ ನನಗೆ ತುಂಬ ಗೌರವ ಇದೆ.

ಊರಿನ ಒಂದೇ ಅಂಗಡಿಯೊಳಗೆ ಹೋದರೆ ಇಲ್ಲಿನ ಬದುಕು ಅರ್ಥವಾಗುತ್ತದೆ. ಹಾಲಿನ ಪುಡಿ, ಬಿಸ್ಕತ್ತು, ಅಕ್ಕಿ, ಉಣ್ಣೆ ಕಾಲುಚೀಲ. ಅದೇ ಅಂಗಡಿಯಲ್ಲಿ ರೈಫಲ್, ಗುಂಡಿನ ಪೆಟ್ಟಿಗೆಗಳು, ದಪ್ಪ ಹಗ್ಗದ ಸುರುಳಿ. ಇದೆಲ್ಲ ವರ್ಷಕ್ಕೆ ಒಂದೆರಡು ಸಲ ಬರುವ ಸರಕಿನ ಹಡಗಿನಲ್ಲೇ ಬರಬೇಕು. ಹಿಟ್ಟು, ಸೀಮೆಎಣ್ಣೆ, ಕಿಟಕಿ ಗಾಜು, ಮಕ್ಕಳ ಸೈಕಲ್, ಏನೇ ಬೇಕಿದ್ದರೂ ಮುಂದಿನ ಚಳಿಗಾಲದ ಲೆಕ್ಕ ಹಾಕಿ ತರಿಸಬೇಕು. ನಮ್ಮ ಜೊತೆಯಲ್ಲಿ ಬಂದಿದ್ದ ಒಬ್ಬರು ಚಾಕೊಲೇಟ್ ಪೊಟ್ಟಣಗಳನ್ನು ಬುಟ್ಟಿ ತುಂಬ ಹಾಕಿಕೊಂಡರು. ಹಡಗಿನ ಮಾರ್ಗದರ್ಶಿ ಮೆಲ್ಲಗೆ ಹೇಳಿದರು, ಒಂದೆರಡು ಸಾಕು, ಇಲ್ಲಿ ಖಾಲಿಯಾದರೆ ಮತ್ತೆ ಬರಲು ತಿಂಗಳುಗಟ್ಟಲೆ ಆಗುತ್ತದೆ ಅಂತ. ಅವರು ತಕ್ಷಣ ವಾಪಸ್ ಇಟ್ಟರು.

ಅಂಗಡಿಯಿಂದ ಮೇಲೆ ಹತ್ತಿದರೆ ನಾಯಿಗಳು. ಬೇಸಿಗೆಯಲ್ಲಿ ಜಾರುಬಂಡಿಗೆ ಕೆಲಸ ಇಲ್ಲ, ದೊಡ್ಡ ನಾಯಿಗಳನ್ನು ಸರಪಳಿ ಹಾಕಿ ಕಟ್ಟಿರುತ್ತಾರೆ. ಮರಿಗಳು ಮಾತ್ರ ಎಲ್ಲೆಂದರಲ್ಲಿ ಓಡಾಡುತ್ತವೆ. ಇವು ಮುದ್ದು ಮಾಡುವ ಸಾಕುನಾಯಿಗಳಲ್ಲ, ಕೆಲಸದ ನಾಯಿಗಳು. ಹತ್ತಿರ ಹೋಗಬೇಡಿ ಅಂದರೆ ಹೋಗಬಾರದು, ಅಷ್ಟೇ. ಒಂದು ಮನೆಯ ಪಕ್ಕ ಮರದ ಚೌಕಟ್ಟಿಗೆ ಹಿಮಕರಡಿಯ ಚರ್ಮ ಕಟ್ಟಿ ಒಣಗಲು ಬಿಟ್ಟಿದ್ದರು. ಸುತ್ತ ಅಂಚಿಗೆ ಒತ್ತೊತ್ತಾಗಿ ತೂತು ಮಾಡಿ, ಪ್ರತಿ ತೂತಿಗೂ ದಾರ ಹಾಕಿ ಬಿಗಿಯಾಗಿ ಎಳೆದಿದ್ದರು. ಎಲ್ಲೂ ಸುಕ್ಕಿಲ್ಲ. ಅದನ್ನು ಹಾಗೆ ಕಟ್ಟಲು ಎಷ್ಟು ಹೊತ್ತು, ಎಷ್ಟು ಕೈಚಳಕ ಬೇಕು ಅಂತ ನೋಡುತ್ತಾ ನಿಂತೆ.

ನಮ್ಮವರಲ್ಲಿ ಕೆಲವರಿಗೆ ಇದನ್ನು ನೋಡಿ ಬೇಜಾರಾಯಿತು. ಅಯ್ಯೋ ಪಾಪ, ಕರಡಿಯನ್ನು ಕೊಲ್ಲುತ್ತಾರಲ್ಲ ಅಂದರು. ನನಗೆ ಆ ಮಾತು ಸರಿ ಕಾಣಲಿಲ್ಲ. ಇಲ್ಲಿ ನೆಲದಲ್ಲಿ ಬೆಳೆ ಬೆಳೆಯುವುದಿಲ್ಲ. ಹಿಮಕರಡಿ ಬೇಟೆಗೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ, ಬೇಟೆಯನ್ನೇ ವೃತ್ತಿ ಮಾಡಿಕೊಂಡು ಪರವಾನಗಿ ಪಡೆದವರು ಮಾತ್ರ ಹೊಡೆಯಬಹುದು. ಮಾಂಸ ಊಟಕ್ಕೆ, ಚರ್ಮ ಚಳಿಗೆ. 2009ರಲ್ಲಿ ಯುರೋಪಿಯನ್ ಒಕ್ಕೂಟ ಸೀಲ್ ಚರ್ಮದ ವ್ಯಾಪಾರ ನಿಷೇಧಿಸಿತು. ಇನುಯಿಟ್ ಬೇಟೆಗಾರರಿಗೆ ವಿನಾಯಿತಿ ಇತ್ತು. ಆದರೂ ಕೊಳ್ಳುವವರು ಕೈ ಹಿಂದೆಗೆದರು, ಬೆಲೆ ಬಿತ್ತು, ಪೆಟ್ಟು ಬಿದ್ದಿದ್ದು ಇಂಥ ಊರುಗಳಿಗೆ. ನಾನು ಸಸ್ಯಾಹಾರಿ. ಆದರೂ ಹೇಳುತ್ತೇನೆ, ಅವರ ತಟ್ಟೆಯಲ್ಲಿರುವುದಕ್ಕೆ ನಾವು ಮುಖ ಸಿಂಡರಿಸಬಾರದು.

ಅಪಾಯದ ವಿಷಯವನ್ನೂ ಹೇಳಬೇಕು. ಈ ಊರಿನ ಉತ್ತರಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ ಇದೆ, 1974ರಲ್ಲಿ ಘೋಷಿಸಿದ್ದು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಆಲ್ಪೆಫ್ಯೋರ್ಡ್‌ನಲ್ಲಿ ಓಷನ್ ಎಕ್ಸ್‌ಪ್ಲೋರರ್ ಅನ್ನುವ ಪ್ರವಾಸಿ ಹಡಗು ನೆಲ ಕಚ್ಚಿ ನಿಂತುಬಿಟ್ಟಿತು. ಒಳಗೆ 206 ಜನ. ಹತ್ತಿರದ ಜನವಸತಿ ಅಂದರೆ ಇದೇ ಇಟ್ಟೊಕೊರ್ಟೂರ್ಮೀಟ್, ಸುಮಾರು 240 ಕಿಲೋಮೀಟರ್ ದೂರ. ಡೆನ್ಮಾರ್ಕ್ ನೌಕಾಪಡೆಯ ಹಡಗು ಇದ್ದದ್ದು 2,000 ಕಿಲೋಮೀಟರಿಗೂ ಆಚೆ. ಮೂರು ದಿನದ ಮೇಲೆ ಗ್ರೀನ್‌ಲ್ಯಾಂಡ್‌ನ ಮೀನುಗಾರಿಕೆ ಸಂಶೋಧನಾ ಹಡಗು ತಾರಾಯೋಕ್ ಬಂದು, ನೀರು ಏರಿದ ಹೊತ್ತು ನೋಡಿ ಎಳೆದು ಬಿಡಿಸಿತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಆದರೆ ಇನ್ನೂ ದೊಡ್ಡ ಹಡಗು, ಸಾವಿರಾರು ಜನ, ಜೊತೆಗೆ ಬಿರುಗಾಳಿ ಇದ್ದಿದ್ದರೆ? 350 ಜನರ ಊರು ಅಷ್ಟು ಜನರನ್ನು ಎಲ್ಲಿ ಮಲಗಿಸಬೇಕು, ಏನು ಉಣ್ಣಿಸಬೇಕು? ಹೋಗುವುದಾದರೆ ಸಣ್ಣ ಹಡಗಿನಲ್ಲೇ ಹೋಗಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಂಥ ಸಣ್ಣ ಹಡಗುಗಳವರು ಸೇರಿ 2003ರಲ್ಲಿ ಏಕೊ ಅಂತ ಒಂದು ಸಂಘ ಮಾಡಿಕೊಂಡಿದ್ದಾರೆ. ಊರಿಗೆ ಇಳಿಯುವ ಮುಂಚೆ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಡುತ್ತಾರೆ. ಕೇಳದೆ ಫೋಟೋ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ, ಕಿಟಕಿಯೊಳಗೆ ಇಣುಕಬೇಡಿ. ಇದನ್ನು ಹೇಳಿಕೊಡಬೇಕಾ ಅನ್ನಿಸಬಹುದು. ಬೇಕು. ದೊಡ್ಡ ಕ್ಯಾಮೆರಾ ಹಿಡಿದ ಒಬ್ಬರು ಒಂದು ಮನೆಯ ಮೆಟ್ಟಿಲು ಹತ್ತಿ ಒಳಗೆ ನೋಡಿದ್ದನ್ನು ನಾನೇ ಕಂಡೆ. ಒಳಗಿದ್ದ ಅಜ್ಜಿ ಸುಮ್ನೆ ಎದ್ದು ಪರದೆ ಎಳೆದರು. ನನಗೆ ತಲೆ ತಗ್ಗಿಸುವಂತಾಯಿತು.

ಹಾಗಂತ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಈ ಊರಿನ ಜನಸಂಖ್ಯೆ 500 ದಾಟಿತ್ತು. ಓದಿಗೆ, ಕೆಲಸಕ್ಕೆ ಅಂತ ಹುಡುಗ ಹುಡುಗಿಯರು ಊರು ಬಿಡುತ್ತಿದ್ದಾರೆ. ಬೇಟೆಗಾರನ ಮಗನಿಗೆ ಬೇಸಿಗೆಯಲ್ಲಿ ಮಾರ್ಗದರ್ಶಿ ಕೆಲಸ ಸಿಕ್ಕರೆ, ವಸಂತದಲ್ಲಿ ನಾಯಿ ಬಂಡಿಯಲ್ಲಿ ಪ್ರವಾಸಿಗಳನ್ನು ಕರೆದೊಯ್ಯುವ ಹಾಗಾದರೆ, ಅವನು ಅಲ್ಲೇ ಉಳಿದಾನು. ಆದರೆ ಎಷ್ಟೋ ಸಲ ಊಟ ಹಡಗಿನಲ್ಲಿ, ನಿದ್ದೆ ಹಡಗಿನಲ್ಲಿ, ದುಡ್ಡೆಲ್ಲ ಹಡಗಿನ ಕಂಪನಿಗೆ. ಊರಿಗೆ ಸಿಗುವುದು ಹೆಜ್ಜೆ ಗುರುತು ಮಾತ್ರ.

ಅದಕ್ಕೇ ಟಿಕೆಟ್ ಮಾಡಿಸುವ ಮೊದಲು ಕಂಪನಿಯವರನ್ನು ಕೇಳಿ. ಊರೊಳಗೆ ನಮ್ಮನ್ನು ಕರೆದೊಯ್ಯುವವರು ಆ ಊರಿನವರೇನಾ? ಅವರಿಗೆ ಎಷ್ಟು ಕೊಡುತ್ತೀರಿ? ಒಂದೇ ದಿನ ಎರಡು ಹಡಗು ಬರದ ಹಾಗೆ ನೋಡಿಕೊಳ್ಳುತ್ತೀರಾ? ಅಲ್ಲಿ ಹೋದಮೇಲೆ ಊರಿನ ಪುಟ್ಟ ಮ್ಯೂಸಿಯಂ ನೋಡಿ, ಅಲ್ಲಿನ ಹೆಂಗಸರು ಮಾಡಿದ ಮಣಿಯ ಕೆಲಸ, ಉಣ್ಣೆ ಟೋಪಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಕರಡಿ ಉಗುರು, ನಾರ್ವಾಲ್ ಅನ್ನುವ ತಿಮಿಂಗಿಲದ ದಂತ ಮಾತ್ರ ಬೇಡ, ಪರವಾನಗಿ ಇಲ್ಲದೆ ಅವನ್ನು ಗಡಿ ದಾಟಿಸುವಂತಿಲ್ಲ. ಕಂಪನಿಯವರು ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡದಿದ್ದರೆ ಬೇರೆ ಹಡಗು ನೋಡಿಕೊಳ್ಳಿ.

ನಮಸ್ಕಾರ.