ಮೈಸೂರಿನ ಹಳೆಯ ಬಂಗಲೆಗಳಲ್ಲಿ ಹೊಸ ಬಗೆಯ ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಈಚೆಗೆ ಕೆಲವು ಬಂಗಲೆಗಳು ದುಬಾರಿ ಹೋಟೆಲುಗಳಾಗಿವೆ. ಅಲ್ಲಿ ಬಡಿಸುವುದು ಫ್ಯೂಷನ್ ಅಡುಗೆ. ನಮ್ಮ ಕಾಳು, ಸೊಪ್ಪು, ರಾಗಿಯನ್ನು ಹೊರನಾಡಿನ ವಿಧಾನದಲ್ಲಿ ಅಟ್ಟದ್ದು. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ನಾವು ಹೆಮ್ಮೆಪಡುವ ಮೈಸೂರು ಮಸಾಲೆದೋಸೆಯನ್ನೇ ನೋಡಿ: ಒಳಗೆ ಸವರುವ ಕೆಂಪು ಚಟ್ನಿಯ ಮೆಣಸಿನಕಾಯಿಯೂ ಪಲ್ಯದ ಆಲೂಗಡ್ಡೆಯೂ ಅಮೆರಿಕ ಖಂಡದಲ್ಲಿ ಹುಟ್ಟಿ, 16ನೆಯ ಶತಮಾನದಿಂದೀಚೆಗೆ ಯುರೋಪಿನ ವರ್ತಕರ ಮೂಲಕ ಈ ನೆಲಕ್ಕೆ ಬಂದವು. ಬೆರೆಸುವುದರಲ್ಲಿ ತಪ್ಪಿಲ್ಲ. ಬೆರೆಸುವವರು ಪದಾರ್ಥದ ಗುಣ ಅರಿತು ಬೆರೆಸಿದ್ದಾರೆಯೇ ಎಂಬುದನ್ನು ನೋಡಬೇಕು.

ಮಂಡ್ಯದ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಮಾವನೊಡನೆ ಇತ್ತೀಚೆಗೆ ಅಂಥದೊಂದು ಬಂಗಲೆಯಲ್ಲಿ ಊಟ ಮಾಡಿದೆ. ಅವರೆಯ ಕಾಲ. ಮೊದಲು ಬಂದದ್ದು ಇಟಲಿಯ ರವಿಯೋಲಿ. ತೆಳುವಾಗಿ ಲಟ್ಟಿಸಿದ ಹಿಟ್ಟಿನ ಪುಟ್ಟ ಚೌಕಗಳ ಒಳಗೆ ಹಿತಕಿದ ಅವರೆಬೇಳೆಯನ್ನು ಅರ್ಧ ನುರಿದು ತುಂಬಿದ್ದರು. ಅದರ ಮೇಲೆ ಸುರಿದದ್ದು ಕೊತ್ತಂಬರಿ ಬೀಜ, ತೆಂಗಿನಕಾಯಿ ಹುರಿದು ರುಬ್ಬಿದ ತಿಳಿಯಾದ ಸಾರು. ಆ ಬಾಣಸಿಗರು ಚೀಸನ್ನೂ ಕೆನೆಯನ್ನೂ ದೂರವಿಟ್ಟಿದ್ದರು. ಹೀಗಾಗಿ ಅವರೆಯ ಸೊಗಡು ಎಲ್ಲಿಯೂ ಮುಚ್ಚಿಹೋಗದೆ, ಚೌಕವೊಂದನ್ನು ಕಚ್ಚಿದೊಡನೆ ಮೂಗಿಗೆ ಏರಿತು. ಅವರೆಕಾಯಿ ಸುಲಿದು, ಕಾಳನ್ನು ರಾತ್ರಿ ನೆನೆಸಿ, ಒಂದೊಂದನ್ನೇ ಹಿತಕಿ ಬೇಳೆ ತೆಗೆಯುವ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆಂಬುದು ನಮ್ಮ ಮನೆಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆ ಶ್ರಮಕ್ಕೆ ಇಷ್ಟು ಗೌರವ ತೋರಿದ ತಟ್ಟೆಯನ್ನು ನಾನು ಮನಸಾರೆ ಮೆಚ್ಚಿಕೊಂಡೆ.

ಮುಂದೆ ಬಂದ ರಾಗಿಮುದ್ದೆಯ ಬಗ್ಗೆ ಹಾಗೆ ಹೇಳಲಾರೆ. ಮುದ್ದೆಯನ್ನು ಬಿಲ್ಲೆಗಳಾಗಿ ಕೊಯ್ದು, ಕಪ್ಪು ಕಲ್ಲಿನ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಬಸ್ಸಾರನ್ನು ಚುಕ್ಕೆಗಳಾಗಿ ಇಟ್ಟಿದ್ದರು. ನೋಡಲು ಅಂದವಾಗಿಯೇ ಇತ್ತು. ಆದರೆ ಕುದಿಯುವ ಎಸರಿಗೆ ಹಿಟ್ಟು ಹಾಕಿ, ಬೆಂದ ಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಹಬೆಯಾಡುತ್ತಿರುವಾಗಲೇ ಕಟ್ಟಿ ಬಡಿಸುವ ಪದಾರ್ಥವದು. ಆರುತ್ತಿದ್ದಂತೆ ಬೆಂದ ಪಿಷ್ಟ ಬಿಗಿದುಕೊಂಡು ಮುದ್ದೆ ಗಡುಸಾಗುತ್ತದೆ. ಸಾರಿನಲ್ಲಿ ಅದ್ದಿ ನುಂಗಬೇಕಾದ ತುತ್ತನ್ನು ನಾವು ಅಗಿಯಬೇಕಾಯಿತು. ‘ಆರಿದ ಮುದ್ದೆ ಯಾರಿಗೆ ಬೇಕಪ್ಪ?’ ಎಂದು ಮಾವ ಮೆಲ್ಲಗೆ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಅಲಂಕಾರಕ್ಕೆ ತಗಲುವ ಹೊತ್ತನ್ನು ತಾಳಿಕೊಳ್ಳದ ಪದಾರ್ಥವನ್ನು ಅಲಂಕರಿಸಲು ಹೋಗಬಾರದು.

ಊಟದ ಕೊನೆಗೆ ಬಂದ ಐಸ್‌ಕ್ರೀಮಿಗೆ ನಂಜನಗೂಡು ರಸಬಾಳೆಯ ಹೆಸರಿತ್ತು. ಹಣ್ಣು ಯಾವ ತೋಟದ್ದೆಂದು ವಿಚಾರಿಸಿದರೆ ಬಡಿಸುವವರಿಗೆ ತಿಳಿದಿರಲಿಲ್ಲ. ಇದನ್ನು ಸಣ್ಣ ವಿಷಯವೆಂದು ನಾನು ಬಿಡಲಾರೆ. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಈ ತಳಿ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ, ಕಪಿಲೆಯ ದಂಡೆಯ ತೋಟಗಳಿಂದ ಬಹುಪಾಲು ಮರೆಯಾಗಿದೆ. ರೋಗಾಣು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿಯುವುದರಿಂದ ಒಮ್ಮೆ ಕೆಟ್ಟ ನೆಲದಲ್ಲಿ ಮತ್ತೆ ನೆಡುವುದು ರೈತನಿಗೆ ಕಷ್ಟ. ತಟ್ಟೆಯೊಂದಕ್ಕೆ ನೂರಾರು ರೂಪಾಯಿ ಪಡೆಯುವ ಹೋಟೆಲು ಇಂಥ ಬೆಳೆಗಾರರಿಂದ ನೇರವಾಗಿ, ಮೊದಲೇ ಬೆಲೆ ಗೊತ್ತುಮಾಡಿ ಕೊಂಡುಕೊಂಡರೆ, ತಳಿಯನ್ನು ಉಳಿಸಿಕೊಳ್ಳಲು ಅವರಿಗೊಂದು ಕಾರಣ ಸಿಗುತ್ತದೆ.

ಕಟ್ಟಡದ ವಿಷಯವೂ ಹೀಗೆಯೇ. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಬಳಕೆಯೊಂದೇ ಸಾಲದು; ಬಳಕೆಯೂ ದುರಸ್ತಿಯೂ ಒಟ್ಟಿಗೆ ನಡೆದರೆ ಹಳೆಯ ಕಟ್ಟಡ ಬಾಳುತ್ತದೆ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಲಲಿತಮಹಲು ಅರಮನೆ 1974ರಲ್ಲಿ ಹೋಟೆಲಾದದ್ದೂ ಅಂಥದೊಂದು ಬಳಕೆಯೇ. ಆದ್ದರಿಂದ ಬಂಗಲೆ ಹೋಟೆಲಾಗುವುದು ನನಗೆ ಸಂತೋಷದ ಸಂಗತಿ. ಆದರೆ ಸುಣ್ಣದ ಗಾರೆಯ ಗೋಡೆ ತನ್ನೊಳಗಿನ ತೇವವನ್ನು ಹೊರಬಿಡುತ್ತಿರಬೇಕು. ಅದಕ್ಕೆ ಸಿಮೆಂಟು ಮೆತ್ತಿದರೆ ಅಡುಗೆಮನೆಯ ಹಬೆ ಗೋಡೆಯೊಳಗೇ ಉಳಿದು, ಗಾರೆ ಹಪ್ಪಳದಂತೆ ಎದ್ದುಬರುತ್ತದೆ. ನಾವು ಊಟ ಮಾಡಿದಲ್ಲಿ ಅಡುಗೆಮನೆಯನ್ನು ಹಿತ್ತಲಲ್ಲಿ ಬೇರೆಯಾಗಿ ಕಟ್ಟಿ, ಮೂಲ ಗೋಡೆಗಳಿಗೆ ಸುಣ್ಣವನ್ನೇ ಬಳಿದಿದ್ದರು. ಅದನ್ನು ಮಾಡಿಸಿದವರಿಗೆ ಅಭಿನಂದನೆ ಸಲ್ಲಬೇಕು.

ಇಂಥಲ್ಲಿಗೆ ಹೋಗುವವರು ಅವರೆಯ ಕಾಲದಲ್ಲೇ ಹೋಗಿ. ಮುದ್ದೆ ಬೇಕಿದ್ದರೆ ಹಲಗೆ ಬೇಡ, ಕಟ್ಟಿದೊಡನೆ ತಟ್ಟೆಗೆ ಹಾಕಿ ಎಂದು ಮೊದಲೇ ಹೇಳಿ. ರಸಬಾಳೆ ಎಲ್ಲಿಯದೆಂದು ಮರೆಯದೆ ವಿಚಾರಿಸಿ. ಹತ್ತು ಮಂದಿ ಕೇಳಿದ ಮೇಲಾದರೂ ಆ ತೋಟದ ಹೆಸರು ತಿಂಡಿಪಟ್ಟಿಯಲ್ಲಿ ಅಚ್ಚಾದೀತು.

ನಮಸ್ಕಾರ.